ಒಳ್ಳೆಯ ಕಾಗದದ ಭಯ

ನಿವೃತ್ತರಾದ ಹಿರಿಯರೊಬ್ಬರ ಮೇಜಿನ ಖಾನೆಯಲ್ಲಿ ಒಂದು ದಪ್ಪನೆಯ ಪುಸ್ತಕವಿದೆ. ಕೆಂಪು ಬಟ್ಟೆಯ ರಟ್ಟು. ಒಳಗೆ ಗೆರೆ ಹೊಡೆದ ನುಣುಪಾದ ಹಾಳೆಗಳು. ಐದು ವರ್ಷಗಳ ಹಿಂದೆ ವಿಜಯದಶಮಿಯ ದಿನ ಅದಕ್ಕೆ ಅರಿಶಿನ ಕುಂಕುಮಗಳನ್ನಿಟ್ಟು, ಮೊದಲ ಪುಟದ ನೆತ್ತಿಯಲ್ಲಿ ದುಂಡಾದ ಅಕ್ಷರದಿಂದ ಶ್ರೀಕಾರವನ್ನು ಬರೆದು, ಮನೆತನದ ಕಥೆಯನ್ನು ಮೊಮ್ಮಕ್ಕಳಿಗಾಗಿ ಬರೆದಿಡುವುದೆಂದು ಅವರು ಸಂಕಲ್ಪ ಮಾಡಿದರು. ಮುತ್ತಾತ ಯಾವ ಊರಿನಿಂದ ಹೊರಟರು, ತೋಟವು ಏಕೆ ಕೈಬಿಟ್ಟಿತು, ಪ್ಲೇಗಿನ ವರ್ಷ ಮನೆಮಂದಿಯೆಲ್ಲ ಗುಡಿಸಲು ಹಾಕಿಕೊಂಡು ಇದ್ದದ್ದು ಯಾವ ಕೆರೆಯ ದಂಡೆಯಲ್ಲಿ, ಇವೆಲ್ಲ ಅವರ ತಲೆಯಲ್ಲಿ ಇವೆ. ಆದರೆ ಶ್ರೀಕಾರದ ಕೆಳಗೆ ಇಂದಿಗೂ ಒಂದಕ್ಷರ ಬಿದ್ದಿಲ್ಲ.

ಅವರು ಸೋಮಾರಿಗಳಲ್ಲ. ಹಳೆಯ ಕ್ರಯಪತ್ರಗಳ ನಕಲಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದಿದ್ದಾರೆ. ವಂಶವೃಕ್ಷವನ್ನು ಮೂರು ಬಾರಿ ಮನಸ್ಸಿನಲ್ಲಿಯೇ ತಿದ್ದಿದ್ದಾರೆ. ಮೊದಲ ವಾಕ್ಯವು ಗಂಭೀರವಾಗಿರಬೇಕು, ಇಸವಿಗಳು ತಪ್ಪಬಾರದು, ಒಮ್ಮೆ ಬರೆದುದನ್ನು ಹೊಡೆದುಹಾಕುವಂತಾಗಬಾರದು, ಇದು ಅವರ ಹಟ. ಪ್ಲೇಗಿನ ಕಾಲದ ಕಥೆಯನ್ನು ತಾಯಿಯ ಬಾಯಿಂದ ಕೇಳಿದ್ದ ಸೋದರತ್ತೆಯೊಬ್ಬರು ದೂರದ ಊರಿನಲ್ಲಿದ್ದರು. ಕಾಗದಪತ್ರಗಳೆಲ್ಲ ಕೈಸೇರಿದ ಮೇಲೆ ಹೋಗಿ ಒಂದೇ ಸಲಕ್ಕೆ ಎಲ್ಲವನ್ನೂ ಕೇಳಿಕೊಂಡು ಬಂದರಾಯಿತೆಂದು ಅವರು ತಡೆದರು. ಆಕೆ ಕಳೆದ ಮಾಘಮಾಸದಲ್ಲಿ ತೀರಿಕೊಂಡರು.

ಅವರ ಮಡದಿ ಒಮ್ಮೆ ಕೇಳಿದರಂತೆ: “ಹಾಲಿನ ಲೆಕ್ಕ ಬರೆಯುವಾಗ ನಿಮ್ಮ ಕೈ ತಡೆಯುವುದೇ ಇಲ್ಲವಲ್ಲ! ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಸರಸರನೆ ಗೀಚಿಬಿಡುತ್ತೀರಿ. ಈ ಪುಸ್ತಕ ಕಂಡರೆ ಮಾತ್ರ ಏಕೆ ಹೀಗೆ ಮೈ ನಡುಗುತ್ತದೆ?”

ಆ ಹಿರಿಯರು ನಕ್ಕು ಸುಮ್ಮನಾದರು. ಆ ಸಾಧ್ವಿಯ ಮಾತಿನಲ್ಲಿ ಎಷ್ಟು ಹುರುಳಿದೆಯೆಂಬುದು ಇಬ್ಬರಿಗೂ ಹೊಳೆದಂತಿರಲಿಲ್ಲ.

ಭರ್ತೃಹರಿಯು ತನ್ನ ನೀತಿಶತಕದಲ್ಲಿ ಮೂರು ತೆರದ ಜನರನ್ನು ಹೇಳುತ್ತಾನೆ. ವಿಘ್ನವು ಬಂದೀತೆಂಬ ಅಂಜಿಕೆಯಿಂದ ಕೆಲಸವನ್ನು ತೊಡಗದವರು ಕೀಳಾದವರು. ತೊಡಗಿ, ಅಡ್ಡಿ ಬಂದೊಡನೆ ಕೈಬಿಡುವವರು ನಡುವಣವರು. ಅಡ್ಡಿಯ ಮೇಲೆ ಅಡ್ಡಿ ಬಂದರೂ ಬಿಡದವರು ಉತ್ತಮರು. ಈ ಎಣಿಕೆಯಲ್ಲಿ ನಾಲ್ಕನೆಯ ತೆರದವನೊಬ್ಬನು ಬಿಟ್ಟುಹೋಗಿದ್ದಾನೆ. ಅವನು ವಿಘ್ನಕ್ಕೆ ಅಂಜುವವನಲ್ಲ. ತನ್ನ ಕೆಲಸದಲ್ಲಿ ಕುಂದು ಉಳಿದೀತೆಂದು ಅಂಜುವವನು. ಅವನನ್ನು ಕೀಳೆನ್ನಲು ಯಾರಿಗೂ ಮನಸ್ಸು ಬಾರದು. ಕೆಲಸದ ಮೇಲೆ ಅವನಿಗಿರುವ ಗೌರವವೇ ಅವನ ಕಾಲಿಗೆ ತೊಡಕು. ‘ಅವರು ಮಾಡಿದರೆ ಬಹಳ ಅಚ್ಚುಕಟ್ಟಾಗಿ ಮಾಡುವವರು’ ಎಂದು ಬಂಧುಗಳು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿರುವ ‘ಮಾಡಿದರೆ’ ಎಂಬ ಮಾತನ್ನು ಯಾರೂ ಗಮನಿಸುವುದಿಲ್ಲ.

ಕನ್ನಡ ನುಡಿಯೂ ಅವನ ಪಕ್ಷಪಾತಿಯೆನ್ನಬೇಕು. ತೊಡಗಿ ಬಿಟ್ಟವನನ್ನು ಹಂಗಿಸಲು ‘ಆರಂಭಶೂರ’ ಎಂಬ ಪದ ಸಿದ್ಧವಾಗಿದೆ. ಮಾಡಹೋಗಿ ಕೆಡಿಸಿದವನನ್ನು ನಗಲು, ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆಯಿದೆ. ಜೇಡಿಮಣ್ಣನ್ನು ಮುಟ್ಟದೆಯೇ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಸುಂದರ ಗಣಪತಿಯನ್ನು ತಿದ್ದುತ್ತ ಕುಳಿತವನಿಗೆ ಒಂದು ಅಡ್ಡಹೆಸರೂ ಇಲ್ಲ. ಅವನ ಪಾಡನ್ನು ಹೇಳುವ ಗಾದೆಯೇನೋ ಒಂದುಂಟು: ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು. ಚೆನ್ನಾಗಿ ಬಂದೀತೆಂಬ ಧೈರ್ಯ ಬರುವವರೆಗೆ ಇವನು ತೊಡಗುವುದಿಲ್ಲ. ತೊಡಗುವವರೆಗೆ ಆ ಧೈರ್ಯ ಬರುವುದಿಲ್ಲ.

ಈ ತೊಡಕಿನಲ್ಲಿ ಸಿಕ್ಕಿ, ಬಹುಕಾಲ ತೊಳಲಿ, ಕಡೆಗೆ ಪಾರಾದವರಲ್ಲಿ ಬಹು ದೊಡ್ಡವನೊಬ್ಬನ ಕಥೆಯು ದಾಖಲೆಗಳ ಸಮೇತ ಉಳಿದುಬಂದಿದೆ. ಅವನು ಜೀವವಿಕಾಸದ ತತ್ತ್ವವನ್ನು ಲೋಕಕ್ಕೆ ತಿಳಿಸಿದ ಚಾರ್ಲ್ಸ್ ಡಾರ್ವಿನ್.

‘ಬೀಗಲ್’ ಎಂಬ ಹಡಗಿನಲ್ಲಿ ಐದು ವರ್ಷ ಲೋಕವನ್ನು ಸುತ್ತಿ ಡಾರ್ವಿನ್ನನು ಇಂಗ್ಲೆಂಡಿಗೆ ಮರಳಿದ್ದು 1836ರಲ್ಲಿ. ಮರುವರ್ಷವೇ, ಒಂದು ಜೀವಜಾತಿಯು ಮತ್ತೊಂದಾಗಿ ಮಾರ್ಪಡುವ ವಿಷಯದ ಮೇಲೆ ಅವನು ಟಿಪ್ಪಣಿಪುಸ್ತಕವನ್ನು ತೆರೆದನು. 1838ರ ಶರತ್ಕಾಲದಲ್ಲಿ ಮಾಲ್ಥಸನ ಜನಸಂಖ್ಯೆಯ ಪ್ರಬಂಧವನ್ನು ಓದುತ್ತಿದ್ದಾಗ ಮುಖ್ಯವಾದ ಗಂಟು ಬಿಚ್ಚಿತು: ಹುಟ್ಟುವ ಜೀವಿಗಳು ಬದುಕಿ ಉಳಿಯುವವುಗಳಿಗಿಂತ ಹೆಚ್ಚು, ಅವುಗಳ ಹೋರಾಟದಲ್ಲಿ ಅನುಕೂಲವಾದ ಭೇದಗಳುಳ್ಳವು ಉಳಿದು ಸಂತಾನವನ್ನು ಬೆಳೆಸುತ್ತವೆ, ಈ ನಿಸರ್ಗದ ಆಯ್ಕೆಯೇ ಜಾತಿಗಳನ್ನು ಮಾರ್ಪಡಿಸುತ್ತದೆ. ಆಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಆ ವಿಚಾರವು ಗ್ರಂಥರೂಪದಲ್ಲಿ ಹೊರಬಂದಾಗ ಐವತ್ತಾಗಿತ್ತು.

ನಡುವಣ ಇಪ್ಪತ್ತು ವರ್ಷ ಅವನೇನು ಮಾಡಿದನು? 1842ರ ಬೇಸಗೆಯಲ್ಲಿ, ಅತ್ತೆಮಾವಂದಿರ ಮನೆಯಲ್ಲಿಯೂ ತಂದೆಯ ಮನೆಯಲ್ಲಿಯೂ ತಂಗಿದ್ದಾಗ, ಒರಟು ಕಾಗದದ ಮೇಲೆ ಸೀಸದ ಕಡ್ಡಿಯಿಂದ ತನ್ನ ಸಿದ್ಧಾಂತದ ಸಂಕ್ಷೇಪವೊಂದನ್ನು ಬರೆದನು. ಮೂವತ್ತೈದು ಪುಟ, ಎಷ್ಟೋ ಕಡೆ ಅಕ್ಷರವೇ ಅರ್ಥವಾಗದು. 1844ರಲ್ಲಿ ಅದನ್ನು 230 ಪುಟಗಳ ಪ್ರಬಂಧವಾಗಿ ಬೆಳೆಸಿ ಶುದ್ಧಪ್ರತಿ ಮಾಡಿಸಿದನು. ಜೊತೆಗೆ ಹೆಂಡತಿ ಎಮ್ಮಳ ಹೆಸರಿಗೆ ಒಂದು ಪತ್ರವನ್ನೂ ಬರೆದಿಟ್ಟನು. ತಾನು ಇದ್ದಕ್ಕಿದ್ದಂತೆ ಸತ್ತರೆ ನಾನೂರು ಪೌಂಡುಗಳನ್ನು ತೆಗೆದಿರಿಸಿ, ತಕ್ಕ ವಿದ್ವಾಂಸನೊಬ್ಬನಿಂದ ತಿದ್ದಿಸಿ, ಅದನ್ನು ಅಚ್ಚು ಮಾಡಿಸಬೇಕೆಂಬುದು ಆ ಪತ್ರದ ಸಾರ. ಇದೊಂದು ವಿಚಿತ್ರ. ತಾನು ಸತ್ತರೆ ಈ ಪ್ರಬಂಧವು ಪ್ರಕಟವಾಗಲು ಯೋಗ್ಯ. ತಾನು ಬದುಕಿದ್ದರೆ ಯೋಗ್ಯವಲ್ಲ! ನಾಲ್ಕನೆಯ ತೆರದವರ ತರ್ಕವು ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಸಿಗದು.

ಅನಂತರ ಅವನು ಕೈಹಾಕಿದ್ದು ಬಾರ್ನಕಲ್ ಎಂಬ ಪ್ರಾಣಿಗಳಿಗೆ. ಕಡಲ ಬಂಡೆಗಳಿಗೂ ಹಡಗಿನ ತಳಕ್ಕೂ ಕಚ್ಚಿಕೊಂಡು ಬೆಳೆಯುವ ಸಣ್ಣ ಚಿಪ್ಪಿನ ಜೀವಿಗಳಿಗೆ. 1846ರಲ್ಲಿ ಒಂದು ಬಗೆಯನ್ನು ವರ್ಣಿಸಲು ತೊಡಗಿದವನು, ಲೋಕದ ಬಾರ್ನಕಲ್‌ಗಳನ್ನೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡಿ ಮುಗಿಸಿದ್ದು 1854ರಲ್ಲಿ. ಎಂಟು ವರ್ಷ, ನಾಲ್ಕು ಸಂಪುಟ. ಅವನ ಮಕ್ಕಳಲ್ಲೊಬ್ಬರು ನೆರೆಮನೆಯ ಯಜಮಾನರ ವಿಷಯದಲ್ಲಿ, ಹಾಗಾದರೆ ಅವರು ತಮ್ಮ ಬಾರ್ನಕಲ್ ಕೆಲಸವನ್ನು ಎಲ್ಲಿ ಮಾಡುತ್ತಾರೆಂದು ಕೇಳಿದರೆಂಬ ಕಥೆಯುಂಟು. ಗಂಡಸರೆಲ್ಲರ ಉದ್ಯೋಗ ಅದೇ ಎಂದು ಆ ಕೂಸು ತಿಳಿದಿತ್ತು!

ಇಲ್ಲಿ ಡಾರ್ವಿನ್ನನಿಗೆ ಅನ್ಯಾಯ ಮಾಡಲಾಗದು. ಆ ಎಂಟು ವರ್ಷ ವ್ಯರ್ಥವಾಗಲಿಲ್ಲ. ಆ ಕೆಲಸಕ್ಕಾಗಿ 1853ರಲ್ಲಿ ರಾಯಲ್ ಸೊಸೈಟಿಯು ಪದಕವನ್ನಿತ್ತು ಗೌರವಿಸಿತು. ಅವನ ದೇಹಸ್ಥಿತಿಯೂ ಚೆನ್ನಾಗಿರಲಿಲ್ಲ. 1844ರಲ್ಲಿ ಇದೇ ಬಗೆಯ ವಿಚಾರವನ್ನು ಹೇಳುವ ಅನಾಮಧೇಯ ಗ್ರಂಥವೊಂದು ಹೊರಬಂದು, ಪಂಡಿತರಿಂದ ಛೀಮಾರಿಗೆ ಗುರಿಯಾದುದನ್ನೂ ಅವನು ಕಣ್ಣಾರೆ ಕಂಡಿದ್ದನು. ಅವನು ತಡಮಾಡಿದನೆಂಬುದೇ ತಪ್ಪು, ಕೈಯಲ್ಲಿದ್ದ ಬೇರೆ ಗ್ರಂಥಗಳನ್ನು ಮುಗಿಸಿಕೊಂಡು ಈ ಕಡೆ ಬರುವುದೇ ಅವನ ಎಣಿಕೆಯಾಗಿತ್ತು ಎಂದು ಈಚಿನ ವಿದ್ವಾಂಸರು ಕೆಲವರು ವಾದಿಸುವರು. ಅದರಲ್ಲಿ ಸತ್ಯಾಂಶವಿದೆ. ಆದರೂ ಆ ಬಾರ್ನಕಲ್‌ಗಳಿಗೆ ಅಷ್ಟೊಂದು ಕಾಲ ಕೊಡಬೇಕಾಗಿತ್ತೇ ಎಂದು ಮುಪ್ಪಿನಲ್ಲಿ ಸಂದೇಹಪಟ್ಟವನು ಬೇರೆ ಯಾರೂ ಅಲ್ಲ, ಡಾರ್ವಿನ್ನನೇ.

1856ರಲ್ಲಿ ಭೂವಿಜ್ಞಾನಿಯೂ ಆಪ್ತಮಿತ್ರನೂ ಆದ ಲಯೆಲನು ಎಚ್ಚರಿಸಿದನು: ಬೇಗ ಏನನ್ನಾದರೂ ಪ್ರಕಟಿಸು, ಇಲ್ಲವಾದರೆ ಇನ್ನೊಬ್ಬನು ಮುಂದಾಗುತ್ತಾನೆ. ಡಾರ್ವಿನ್ನನು ಒಪ್ಪಿ, ಒಂದು ಚಿಕ್ಕ ಬರೆಹಕ್ಕೆಂದು ಕುಳಿತನು. ಆದರೆ ಪ್ರಮಾಣಗಳಿಲ್ಲದೆ ಒಂದು ಮಾತನ್ನಾದರೂ ಹೇಳುವುದು ಹೇಗೆ? ಪಾರಿವಾಳಗಳನ್ನು ಸಾಕಿ ನೋಡಬೇಕು. ಬೀಜಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಕಡಲನ್ನು ದಾಟಿದ ಬೀಜವು ಮೊಳೆಯುವುದೇ ಎಂದು ಪರೀಕ್ಷಿಸಬೇಕು. ಎಲ್ಲ ದೇಶಗಳ ವಿದ್ವಾಂಸರಿಗೂ ಕಾಗದ ಬರೆದು ವಿವರಗಳನ್ನು ತರಿಸಬೇಕು. ಚಿಕ್ಕ ಬರೆಹವು ಕೆಲವೇ ತಿಂಗಳಲ್ಲಿ ಮಹಾಗ್ರಂಥವಾಗಿ ಉಬ್ಬಿತು. ಎರಡು ವರ್ಷ ಕಳೆದು ಹತ್ತು ಅಧ್ಯಾಯಗಳಾದರೂ ಕೊನೆಯು ಕಣ್ಣಿಗೆ ಬೀಳಲಿಲ್ಲ.

ಅಷ್ಟರಲ್ಲಿ, ಸಾವಿರಾರು ಮೈಲಿ ದೂರದ ಮಲಯ ದ್ವೀಪಸ್ತೋಮದಲ್ಲಿ, ಕೀಟಗಳನ್ನೂ ಹಕ್ಕಿಗಳನ್ನೂ ಸಂಗ್ರಹಿಸಿ ಮಾರಿ ಹೊಟ್ಟೆ ಹೊರೆಯುತ್ತಿದ್ದ ಆಲ್‌ಫ್ರೆಡ್ ರಸೆಲ್ ವಾಲೇಸನು ಚಳಿಜ್ವರದಿಂದ ಮಲಗಿದ್ದನು. ಅವನಿಗೆ ಗ್ರಂಥಭಂಡಾರವಿಲ್ಲ, ಕಪಾಟಿನ ತುಂಬ ಟಿಪ್ಪಣಿಗಳಿಲ್ಲ, ಬೆಚ್ಚನೆಯ ಓದುಕೋಣೆಯಿಲ್ಲ. 1858ರ ಆರಂಭದ ಒಂದು ದಿನ, ಜ್ವರದ ತಾಪದಲ್ಲಿಯೇ, ಎಂದೋ ಓದಿದ್ದ ಅದೇ ಮಾಲ್ಥಸನು ನೆನಪಾಗಿ ಅದೇ ಗಂಟು ಬಿಚ್ಚಿತು. ಜ್ವರ ಇಳಿದ ಮೇಲೆ ಎರಡೋ ಮೂರೋ ಸಂಜೆ ಕುಳಿತು ಲೇಖನವನ್ನು ಬರೆದು ಮುಗಿಸಿದನು. ಮುಂದಿನ ಟಪಾಲಿನಲ್ಲಿ ಡಾರ್ವಿನ್ನನಿಗೆ ಕಳುಹಿಸಿಬಿಟ್ಟನು.

ಜೂನ್ ತಿಂಗಳಲ್ಲಿ ಆ ಲಕೋಟೆಯನ್ನು ಒಡೆದಾಗ ಡಾರ್ವಿನ್ನನ ಎದೆಯಲ್ಲಿ ಏನಾಗಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ತನ್ನ 1842ರ ಕರಡು ವಾಲೇಸನ ಕೈಯಲ್ಲಿ ಇದ್ದಿದ್ದರೂ ಅದನ್ನು ಇದಕ್ಕಿಂತ ಚೆನ್ನಾಗಿ ಅವನು ಸಂಗ್ರಹಿಸಲಾರದೆ ಹೋಗುತ್ತಿದ್ದನೆಂದು ಲಯೆಲನಿಗೆ ಬರೆದನು. ಆ ದಿನಗಳಲ್ಲಿಯೇ ಮನೆಗೆ ಕೆಂಪುಜ್ವರ ಹೊಕ್ಕಿತು. ಒಂದೂವರೆ ವರ್ಷದ ಕಡೆಯ ಕೂಸು ಜೂನ್ 28ರಂದು ತೀರಿಕೊಂಡಿತು. ಲಯೆಲನೂ ಸಸ್ಯವಿಜ್ಞಾನಿ ಹೂಕರನೂ ಸೇರಿ, ಜುಲೈ 1ರಂದು ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ ಇಬ್ಬರ ಬರೆಹಗಳನ್ನೂ ಜೊತೆಯಾಗಿ ಓದಿಸಿದರು. ಡಾರ್ವಿನ್ನನು ಸಭೆಗೆ ಹೋಗಲಿಲ್ಲ. ಅಂದು ಆ ಕೂಸಿನ ಉತ್ತರಕ್ರಿಯೆ.

ಡಾರ್ವಿನ್ನನ ಪಾಲಿಗೆ ಆ ಸಭೆಯಲ್ಲಿ ಸಾಕ್ಷಿ ನುಡಿದದ್ದು ಯಾವುದು? ಹತ್ತು ಅಧ್ಯಾಯದ ಮಹಾಗ್ರಂಥವಲ್ಲ; ಎಂಟು ವರ್ಷದ ಬಾರ್ನಕಲ್‌ಗಳಲ್ಲ; ಓದುಕೋಣೆಯ ಗೂಡುಗಳಲ್ಲಿ ಚೀಟಿ ಅಂಟಿಸಿ ಜೋಡಿಸಿಟ್ಟಿದ್ದ ಟಿಪ್ಪಣಿಯ ಕಡತಗಳೂ ಅಲ್ಲ. ಪ್ರಕಟಣೆಗೆ ತಕ್ಕುದಲ್ಲವೆಂದು ಅವನು ಮುಚ್ಚಿಟ್ಟಿದ್ದ 1844ರ ಪ್ರಬಂಧದ ಕೆಲವು ಭಾಗಗಳು, ಮತ್ತು ಅಮೆರಿಕದ ಮಿತ್ರನೊಬ್ಬನಿಗೆ ಬರೆದಿದ್ದ ಕಾಗದದ ನಕಲು. ಅರೆಕೊರೆಯೆಂದು ಅವನು ಎಣಿಸಿದ್ದೇ ಅವನ ಮಾನವನ್ನು ಕಾಯಿತು.

(ಆ ವರ್ಷ ವಿಶೇಷವಾದ ಯಾವ ಶೋಧವೂ ನಡೆಯಲಿಲ್ಲವೆಂಬ ಅರ್ಥದ ಮಾತನ್ನು ಆ ಸೊಸೈಟಿಯ ಅಧ್ಯಕ್ಷರು ವಾರ್ಷಿಕ ಭಾಷಣದಲ್ಲಿ ಆಡಿದರು! ವಾಲೇಸನಾದರೋ ಎಂದೂ ಮನಸ್ಸು ಕಹಿಮಾಡಿಕೊಂಡವನಲ್ಲ. 1889ರಲ್ಲಿ ಅವನು ಬರೆದ ಗ್ರಂಥದ ಹೆಸರೇ ‘ಡಾರ್ವಿನಿಸಂ’.)

ಮುಂದಿನದು ಈ ಕಥೆಯ ತಿರುಳು. ಮಗುವನ್ನು ಕಳೆದುಕೊಂಡ ಸಂಸಾರವು ಹವೆ ಬದಲಾಯಿಸಲು ಐಲ್ ಆಫ್ ವೈಟ್ ದ್ವೀಪಕ್ಕೆ ಹೋಯಿತು. ಅಲ್ಲಿ ಜುಲೈ ತಿಂಗಳಲ್ಲಿ ಡಾರ್ವಿನ್ನನು ಮತ್ತೆ ಲೇಖನಿ ಹಿಡಿದನು. ಈ ಸಲ ಅವನು ಮಹಾಗ್ರಂಥವನ್ನು ಮುಂದುವರಿಸಲಿಲ್ಲ. ಸೊಸೈಟಿಯ ಪತ್ರಿಕೆಗೆ ಕಳುಹಿಸಲು ಒಂದು ‘ಸಂಕ್ಷೇಪ’ವನ್ನು ಮಾತ್ರ ಬರೆಯುತ್ತಿದ್ದೇನೆಂದು ತನಗೂ ಮಿತ್ರರಿಗೂ ಹೇಳಿಕೊಂಡನು. ಪೂರ್ಣ ಗ್ರಂಥವು ಆಮೇಲೆ ಬರುತ್ತದೆ, ಪ್ರಮಾಣಗಳೆಲ್ಲ ಅಲ್ಲಿರುತ್ತವೆ, ಇದು ಬರಿಯ ಸಂಕ್ಷೇಪ. ಆ ಒಂದು ಹೆಸರು ಅವನ ಕೈಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿತು. ಮೂವತ್ತು ಪುಟವೆಂದುಕೊಂಡದ್ದು ಬೆಳೆಯಿತು, ಬೆಳೆಯುತ್ತಲೇ ಹೋಯಿತು. ಆದರೆ ಅದರ ಓಟ ಮಾತ್ರ ನಿಲ್ಲಲಿಲ್ಲ. ಕಾಯಿಲೆಯ ದಿನಗಳೂ ಜಲಚಿಕಿತ್ಸೆಗೆ ಹೋದ ದಿನಗಳೂ ಸೇರಿ ಹದಿಮೂರು ತಿಂಗಳು ಹತ್ತು ದಿನಗಳ ಕಠಿಣ ದುಡಿಮೆಯೆಂದು ಅವನೇ ಲೆಕ್ಕವಿಟ್ಟಿದ್ದಾನೆ. ಇಪ್ಪತ್ತು ವರ್ಷ ಆಗದುದು ಹದಿಮೂರು ತಿಂಗಳಲ್ಲಿ ಆಯಿತು.

ಪುಸ್ತಕದ ಹೆಸರಿನಲ್ಲಿಯೇ ‘ಸಂಕ್ಷೇಪ’ವೆಂಬ ಮಾತು ಇರಬೇಕೆಂದು ಅವನಿಗೆ ಆಸೆ. ಹಾಗೆಂದರೆ ಯಾರು ಕೊಂಡಾರೆಂದು ಪ್ರಕಾಶಕ ಜಾನ್ ಮರ್ರೆ ಒಪ್ಪಲಿಲ್ಲ. ಪ್ರಕಾಶಕರ ಮಾತಿಗೆ ಬೆಲೆ ಕೊಡುವುದು ಒಮ್ಮೊಮ್ಮೆ ಲೇಸು. 1859ರ ನವೆಂಬರ್ 24ರಂದು ‘ಜೀವಜಾತಿಗಳ ಉಗಮ’ವನ್ನು ಕುರಿತ ಆ ಗ್ರಂಥವು 1250 ಪ್ರತಿಗಳಲ್ಲಿ ಹೊರಬಂದಿತು. ಹೆಸರಿನಿಂದ ಅಳಿಸಿಹೋದ ಮಾತು ಪೀಠಿಕೆಯಲ್ಲಿ ಉಳಿದುಕೊಂಡಿತು: ಇದು ಸಂಕ್ಷೇಪ, ಆದುದರಿಂದ ಅಪೂರ್ಣವಾಗಿರುವುದು ಅನಿವಾರ್ಯ ಎಂದು ಅವನು ಅಲ್ಲಿ ಒಪ್ಪಿಕೊಂಡಿದ್ದಾನೆ. ಅಷ್ಟೇ ಅಲ್ಲ, ಆರನೆಯ ಅಧ್ಯಾಯಕ್ಕೆ ತನ್ನ ಸಿದ್ಧಾಂತದ ತೊಡಕುಗಳೇ ವಿಷಯ. ಒಂಬತ್ತನೆಯದಕ್ಕೆ ಭೂಸ್ತರಗಳ ದಾಖಲೆ ಎಷ್ಟು ಅಪೂರ್ಣವೆಂಬುದೇ ವಿಷಯ. ತನ್ನ ಕೃತಿಯ ಕುಂದನ್ನು ಮರೆಮಾಚಲು ಇಪ್ಪತ್ತು ವರ್ಷ ಹೆಣಗಿದವನು ಕಡೆಗೆ ಆ ಕುಂದಿಗೆ ಅಧ್ಯಾಯವನ್ನೇ ಬಿಟ್ಟುಕೊಟ್ಟನು. ಇದು ಎಲ್ಲರೂ ಕಲಿಯಬಹುದಾದ ಜಾಣ್ಮೆ. ತಿಳಿಯದೆಡೆಯಲ್ಲಿ ‘ಇಲ್ಲಿ ತಿಳಿಯದು’ ಎಂದು ಬರೆದು ಮುಂದೆ ಹೋಗುವುದಕ್ಕೆ ಬೇಕಾದ ಧೈರ್ಯ ದೊಡ್ಡದಲ್ಲ; ಆದರೆ ಅಷ್ಟೂ ಧೈರ್ಯವಿಲ್ಲದೆ ನಿಂತುಹೋದ ಬರೆಹಗಳು ಅಸಂಖ್ಯಾತ.

ಅವನಿಗೆ ತಿಳಿಯದಿದ್ದುದು ಅಲ್ಪಸ್ವಲ್ಪವಲ್ಲ. ತಂದೆತಾಯಿಗಳ ಗುಣವು ಮಕ್ಕಳಿಗೆ ಹೇಗೆ ಇಳಿಯುತ್ತದೆಂಬುದು ಅವನ ಸಿದ್ಧಾಂತಕ್ಕೆ ತಳಹದಿಯಾದ ಪ್ರಶ್ನೆ. ಆ ನಿಯಮಗಳು ತಿಳಿಯವೆಂದು ಮೊದಲ ಅಧ್ಯಾಯದಲ್ಲಿಯೇ ಹೇಳಿದ್ದಾನೆ. ಆಸ್ಟ್ರಿಯಾ ಸಾಮ್ರಾಜ್ಯದ ಬ್ರನ್ ನಗರದ ಮಠದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿದ ಮೆಂಡೆಲನು ಆ ನಿಯಮಗಳನ್ನು ಪ್ರಕಟಿಸಿದ್ದು 1866ರಲ್ಲಿ. ಲೋಕದ ವಿಜ್ಞಾನಿಗಳು ಅದರ ಬೆಲೆಯನ್ನು ಅರಿತದ್ದು 1900ರಲ್ಲಿ. ಡಾರ್ವಿನ್ನನು ಸತ್ತದ್ದು 1882ರಲ್ಲಿ. ಎಲ್ಲ ಎಳೆಗಳೂ ಕೂಡಿಬರಲೆಂದು ಕಾದಿದ್ದರೆ ಅವನು ಸತ್ತ ಮೇಲೂ ಹದಿನೆಂಟು ವರ್ಷ ಕಾಯಬೇಕಾಗುತ್ತಿತ್ತು! ಅಚ್ಚಾದ ಮೇಲೆ ತಿದ್ದುವ ದಾರಿಯಂತೂ ತೆರೆದೇ ಇತ್ತು. 1872ರವರೆಗೆ ಆರು ಆವೃತ್ತಿಗಳಾದವು. ಪ್ರತಿಯೊಂದರಲ್ಲಿಯೂ ತಿದ್ದಿದನು, ಆಕ್ಷೇಪಗಳಿಗೆ ಉತ್ತರ ಸೇರಿಸಿದನು. ಆ ಮಹಾಗ್ರಂಥವನ್ನು ಮಾತ್ರ ಅವನು ಮುಗಿಸಲೇ ಇಲ್ಲ. ಅದರ ಒಂದು ಭಾಗ 1868ರಲ್ಲಿ ಬೇರೆ ಪುಸ್ತಕವಾಗಿ ಬಂದಿತು. ಉಳಿದ ಹಸ್ತಪ್ರತಿಯನ್ನು ವಿದ್ವಾಂಸರು ಅಚ್ಚು ಮಾಡಿಸಿದ್ದು 1975ರಲ್ಲಿ. ಅದೇ ಗಾತ್ರದಲ್ಲಿ ತಾನು ಬರೆದು ಮುಗಿಸಿದ್ದರೆ ಗ್ರಂಥವು ನಾಲ್ಕೈದು ಪಟ್ಟು ದೊಡ್ಡದಾಗಿ, ಓದುವ ತಾಳ್ಮೆ ಬಹು ಕೆಲವರಿಗೆ ಮಾತ್ರ ಇರುತ್ತಿತ್ತೆಂದು ಅವನೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಹೀಗೆ ಪಾರಾಗದೆ ಹೋದವನನ್ನೂ ಒಮ್ಮೆ ನೋಡಬೇಕು. ಲಾರ್ಡ್ ಆಕ್ಟನ್ನನು ಇಂಗ್ಲೆಂಡಿನ ಮಹಾಪಂಡಿತ. ಸ್ವಾತಂತ್ರ್ಯದ ಚರಿತ್ರೆಯನ್ನು ಬರೆಯಬೇಕೆಂಬುದು ಅವನ ಜೀವನದ ಗುರಿ. ಸುಮಾರು ಅರುವತ್ತು ಸಾವಿರ ಪುಸ್ತಕಗಳನ್ನು ಕೂಡಿಸಿದನು. ಪೆಟ್ಟಿಗೆ ಪೆಟ್ಟಿಗೆ ಟಿಪ್ಪಣಿ ತುಂಬಿಸಿದನು. ಇನ್ನೊಂದು ದಾಖಲೆ, ಇನ್ನೊಂದು ಭಂಡಾರ ಎನ್ನುತ್ತಲೇ 1902ರಲ್ಲಿ ತೀರಿಕೊಂಡನು. ಆ ಚರಿತ್ರೆಯ ವಿಷಯವಾಗಿ ಉಳಿದದ್ದು 1877ರಲ್ಲಿ ಒಂದು ಸಣ್ಣ ಊರಿನ ಜನರೆದುರು ಮಾಡಿದ ಎರಡು ಉಪನ್ಯಾಸಗಳು. ಅಧಿಕಾರವು ಮನುಷ್ಯನನ್ನು ಕೆಡಿಸುವ ಬಗೆಯನ್ನು ಕುರಿತ ಅವನ ವಾಕ್ಯವೊಂದನ್ನು ಇಂದಿಗೂ ಲೋಕವೆಲ್ಲ ಉದ್ಧರಿಸುತ್ತದೆ. ಅದನ್ನಾದರೂ ಅವನು ಬರೆದದ್ದು ಗ್ರಂಥದಲ್ಲಿ ಅಲ್ಲ. 1887ರಲ್ಲಿ ಒಬ್ಬ ಪಾದ್ರಿಗೆ ಹಾಕಿದ ಕಾಗದದಲ್ಲಿ. ಅರುವತ್ತು ಸಾವಿರ ಪುಸ್ತಕಗಳು ಬೆನ್ನ ಹಿಂದೆ ನಿಂತಿದ್ದರೂ, ಲೇಖನಿಯು ಹಗುರಾಗಿ ಓಡಿದ್ದು ಕಾಗದ ಬರೆಯುವಾಗಲೇ.

ಗದುಗಿನ ನಾರಣಪ್ಪನು ತಾನು ಕರಡು ಮಾಡಿಕೊಳ್ಳದೆ, ಅಳಿಸಿ ತಿದ್ದದೆ ಭಾರತವನ್ನು ಹೇಳಿದೆನೆಂದು ಹೆಮ್ಮೆಪಟ್ಟಿದ್ದಾನೆ. ಅದು ಅವನಿಗೇ ಒಪ್ಪುವ ಮಾತು. ಉಳಿದವರ ಪಾಲಿಗೆ ಹಲಗೆಯೂ ಬಳಪವೂ ಬೇಕೇ ಬೇಕು. ವಿಪರ್ಯಾಸವೆಂದರೆ, ಕರಡು ಬೇಕಾದ ಜನರೇ ಮೊದಲ ಹೊಡೆತಕ್ಕೆ ಶುದ್ಧಪ್ರತಿಯನ್ನು ಬರೆಯಲು ಹೊರಡುತ್ತಾರೆ. ಮೊದಮೊದಲು ಪ್ರತಿಯೊಂದು ವಾಕ್ಯವನ್ನೂ ಯೋಚಿಸಿ ಯೋಚಿಸಿ ಬರೆಯುತ್ತಿದ್ದ ಡಾರ್ವಿನ್ನನು ಆಮೇಲೆ ಆ ಪದ್ಧತಿಯನ್ನು ಬಿಟ್ಟನು. ಪುಟಗಟ್ಟಲೆ ಕೆಟ್ಟ ಅಕ್ಷರದಲ್ಲಿ, ಪದಗಳನ್ನು ಅರ್ಧರ್ಧ ನುಂಗಿ, ಕೈ ಓಡಿದಷ್ಟು ವೇಗವಾಗಿ ಗೀಚಿ, ಅನಂತರ ನಿಧಾನವಾಗಿ ತಿದ್ದುವುದರಿಂದ ಕಾಲ ಉಳಿಯುತ್ತದೆಂದು ಕಂಡುಕೊಂಡನು. ಹಾಗೆ ಗೀಚಿದ ವಾಕ್ಯಗಳು ಎಷ್ಟೋ ವೇಳೆ ಯೋಚಿಸಿ ಬರೆದವುಗಳಿಗಿಂತ ಚೆನ್ನಾಗಿರುತ್ತಿದ್ದುವಂತೆ. ದೊಡ್ಡ ವಿಷಯವಾದರೆ ಮೊದಲು ಎರಡು ಮೂರು ಪುಟಗಳಲ್ಲಿ ಒರಟಾದ ರೇಖೆ. ಆಮೇಲೆ ಅದನ್ನು ಇನ್ನಷ್ಟು ಪುಟಗಳಿಗೆ ಹಿಗ್ಗಿಸುವುದು. ಬರೆಹವು ಅದಾದ ಮೇಲೆ.

ಮಗ ಫ್ರಾನ್ಸಿಸನು ತಂದೆಯ ನೆನಪುಗಳಲ್ಲಿ ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ಒಳ್ಳೆಯ ಕಾಗದವನ್ನು ಮುಂದಿಟ್ಟುಕೊಂಡರೆ ಡಾರ್ವಿನ್ನನಿಗೆ ಬೇಕಾದಷ್ಟು ಉದಾಸೀನದಿಂದ ಬರೆಯಲು ಆಗುತ್ತಿರಲಿಲ್ಲ. ಆದುದರಿಂದ ಹಳೆಯ ಅಚ್ಚಿನ ಕರಡುಗಳ ಮತ್ತು ಹಸ್ತಪ್ರತಿಗಳ ಬೆನ್ನಿನ ಮೇಲೆ ಬರೆಯುತ್ತಿದ್ದನು. ಲೋಕದ ವಿಚಾರವನ್ನೇ ತಿರುಗಿಸಿದವನಿಗೂ ಒಳ್ಳೆಯ ಕಾಗದದ ಭಯವಿತ್ತು! ಅವನು ಆ ಭಯವನ್ನು ಜಯಿಸಲು ಹೋಗಲಿಲ್ಲ; ಕಾಗದವನ್ನು ಬದಲಾಯಿಸಿದನು. ಕ್ಯಾಲೆಂಡರಿನ ಹಾಳೆಯ ಹಿಂದೆ ಹಾಲಿನ ಲೆಕ್ಕ ಸರಾಗವಾಗಿ ಇಳಿಯುವುದೇಕೆಂಬ ಆ ಗೃಹಿಣಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಮರ್ಯಾದೆಯ ಹಂಗಿಲ್ಲ. ಅಲ್ಲಿ ಬರೆದದ್ದು ಕಾಟಾದರೂ ಯಾರ ಮನೆಯೂ ಮುಳುಗದು.

ಅಚ್ಚುಕಟ್ಟು ಬೇಡವೆಂದು ಇದರ ಅರ್ಥವಲ್ಲ. ಔಷಧದಂಗಡಿಯವನು ಕರಡು ಅಳತೆಯಲ್ಲಿ ಮಾತ್ರೆ ಎಣಿಸಿದರೆ ರೋಗಿಯ ಗತಿಯೇನು? ಡಾರ್ವಿನ್ನನಾದರೂ ಗೀಚಿದ್ದನ್ನು ಹಾಗೆಯೇ ಅಚ್ಚಿಗೆ ಕೊಡಲಿಲ್ಲ. ತಿದ್ದಿದನು, ಅಗಲ ಗೆರೆಯ ಕಾಗದದಲ್ಲಿ ಪ್ರತಿಮಾಡಿದನು, ಮತ್ತೆ ತಿದ್ದಿದನು, ಊರಿನ ಉಪಾಧ್ಯಾಯನಿಂದ ಶುದ್ಧಪ್ರತಿ ಬರೆಸಿದನು. 1859ರಲ್ಲಿ ಅಚ್ಚಿನ ಕರಡು ಕೈಗೆ ಬಂದಾಗ ತನ್ನ ಶೈಲಿಯನ್ನು ಕಂಡು ತಾನೇ ಹೇಸಿ, ಎಷ್ಟು ತಿದ್ದಿದನೆಂದರೆ ಹೆಚ್ಚಿನ ಖರ್ಚನ್ನು ತಾನೇ ಕೊಡುವೆನೆಂದು ಪ್ರಕಾಶಕನಿಗೆ ಬರೆಯಬೇಕಾಯಿತು. ಕುಂದನ್ನು ಸಹಿಸದ ಆ ಕಣ್ಣು ಕಡೆಯವರೆಗೂ ಅವನಲ್ಲಿತ್ತು. ಅದನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸದೆ, ಕೆಲಸ ಒಳಗೆ ಬಂದ ಮೇಲೆ ಕರೆದನು, ಅಷ್ಟೇ ವ್ಯತ್ಯಾಸ.

1842ರ ಆ ಸೀಸದಕಡ್ಡಿಯ ಕರಡು ಏನಾಯಿತು? ಬೇಡದ, ಆದರೂ ಎಸೆಯಲು ಮನಸ್ಸಾಗದ ಕಾಗದಗಳನ್ನು ತುಂಬುತ್ತಿದ್ದ ಕಪಾಟೊಂದು ಮನೆಯ ಮೆಟ್ಟಿಲ ಕೆಳಗಿತ್ತು. 1896ರಲ್ಲಿ ಎಮ್ಮಳು ತೀರಿಕೊಂಡ ಮೇಲೆ ಮನೆಯನ್ನು ಖಾಲಿ ಮಾಡುವಾಗ ಅದು ಅಲ್ಲಿ ಸಿಕ್ಕಿತು. ಫ್ರಾನ್ಸಿಸನು 1909ರಲ್ಲಿ ಅದನ್ನು ಪ್ರಕಟಿಸಿದನು. ‘ಉಗಮ’ದ ಹಸ್ತಪ್ರತಿಯ ಗತಿ ಇನ್ನೂ ಸ್ವಾರಸ್ಯವಾಗಿದೆ. ಅಚ್ಚಾದ ಮೇಲೆ ಡಾರ್ವಿನ್ನನು ಅದನ್ನು ಜೋಪಾನ ಮಾಡಲಿಲ್ಲ. ನೂರಾರು ಹಾಳೆಗಳಲ್ಲಿ ಇಂದು ಉಳಿದಿರುವವು ಕೆಲವೇ. ಅವುಗಳಲ್ಲಿ ಕೆಲವು ಉಳಿದದ್ದಕ್ಕೆ ಕಾರಣ ವಿಜ್ಞಾನವಲ್ಲ, ಮನೆಯ ಮಕ್ಕಳು. ಬೆನ್ನಿನ ಬದಿ ಖಾಲಿಯಿತ್ತೆಂದು ಅವರು ಅದರ ಮೇಲೆ ಬಣ್ಣದ ಚಿತ್ರಗಳನ್ನು ಬರೆದಿದ್ದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಭಂಡಾರದಲ್ಲಿರುವ ಅಂಥ ಒಂದು ಹಾಳೆಯ ಹಿಂದೆ ಹಣ್ಣು ತರಕಾರಿಗಳ ಕಾಳಗ ನಡೆದಿದೆ. ಯೋಧನೊಬ್ಬನು ಕ್ಯಾರೆಟ್ಟಿನ ಮೇಲೆ ಸವಾರಿ ಹೊರಟಿದ್ದಾನೆ. ಅದು ಬಾಲಕ ಫ್ರಾನ್ಸಿಸನ ಕೈಕೆಲಸವಿರಬೇಕೆಂದು ಹೇಳುತ್ತಾರೆ.